ಮಿನಿ ಟ್ರ್ಯಾಕ್ಟರಿನ ಮೂತಿಗೆ ಕಟ್ಟಿದ ಹಾರ

ಬಿಳಿಗೆರೆ ಸಮೀಪದ ಬಾಳೆ ತೋಟದ ಅಂಚಿನಲ್ಲಿ ಮಿನಿ ಟ್ರ್ಯಾಕ್ಟರೊಂದು ಬುಸುಗುಡುತ್ತ ಆವಿ ಕಾರುತ್ತಿತ್ತು. ಓಡಿಸುತ್ತಿದ್ದ ಮಹೇಶ ಎಂಜಿನ್ ಆಫ್ ಮಾಡಿ, ಅದರ ಮೇಲೆ ಸುರಿಯಲು ಬಿಂದಿಗೆ ನೀರು ಎತ್ತಿದ್ದ. ಆ ದಾರಿಯಲ್ಲಿ ಬರುತ್ತಿದ್ದ ನಾನು ಬೈಕ್ ನಿಲ್ಲಿಸುವಷ್ಟರಲ್ಲಿ ಅವನ ತಾಯಿ ಚಿಕ್ಕತಾಯಮ್ಮ ಓಡಿಬಂದು ಬಿಂದಿಗೆ ಹಿಡಿದುಕೊಂಡರು.

"ಕಾದ ಕಬ್ಬಿಣಕ್ಕೆ ತಣ್ಣೀರು ಉಯ್ಬ್ಯಾಡ ಕಣ್ಲಾ, ಸೀಳ್ಬುಡ್ತದೆ. ಆರ್ಲಿ ಬುಡು."

ಮನೆಗೆ ಇದ್ದದ್ದು ಅದೊಂದೇ ಟ್ರ್ಯಾಕ್ಟರ್. ಎಂಜಿನ್ ಸೀಳಿದರೆ ತೋಟದ ಕೆಲಸವೆಲ್ಲ ನಿಂತಂತೆಯೇ. ಮೂವರೂ ಹೊಂಗೆ ಮರದಡಿ ಕೂತು ಅದು ತಣಿಯುವುದನ್ನು ಕಾದೆವು.

ಹಿಂದಿನ ದಿನ ಆಯುಧಪೂಜೆ. ಟ್ರ್ಯಾಕ್ಟರಿನ ಮುಂದಿನ ಜಾಲರಿಯನ್ನು ದಪ್ಪನೆಯ ಚೆಂಡುಹೂವಿನ ಹಾರ ಪೂರಾ ಮುಚ್ಚಿತ್ತು. ಅದರ ಹಿಂದೆಯೇ ಎಂಜಿನ್ ತಣಿಸುವ ರೇಡಿಯೇಟರ್ ಇರುವುದು. ಗಾಳಿ ಒಳಗೆ ಹೋಗಲು ಜಾಗವೇ ಇರಲಿಲ್ಲ.

"ಬೆಳಗ್ಗೆನೇ ಬಿಚ್ಚಕ್ಕೋದೆ ಸಾ," ಎಂದ ಮಹೇಶ. "ಬಾಡೋಗಂಟ ಮುಟ್ಬ್ಯಾಡ ಅಂದೋಳು ಇವ್ಳೇಯ. ನೋಡವ್ವ, ನಿನ್ ಆರ ಅದ್ರ ಉಸ್ರು ಕಟ್ಟಿಸ್ಬುಡ್ತು."

ಚಿಕ್ಕತಾಯಮ್ಮ ಎದ್ದು ಹೋಗಿ, ಹೂವು ಉದುರದಂತೆ ಹಾರ ಬಿಚ್ಚಿ ತಂದು ಮಗನ ಕೊರಳಿಗೆ ಹಾಕಿದರು. "ಬಾಡೋಗಂಟ ನೀನೇ ಆಕ್ಕಂಡಿರು."

ಎಂಜಿನ್ ಆರಿದ ಮೇಲೆ ರೇಡಿಯೇಟರಿಗೆ ನೀರು ತುಂಬಿ ಚಾಲೂ ಮಾಡಿದರು. ಕಾವು ತೋರಿಸುವ ಮುಳ್ಳು ಮತ್ತೆ ಮೇಲೇರಲಿಲ್ಲ. ಮಹೇಶ ಮದುಮಗನಂತೆ ಹಾರ ಹಾಕಿಕೊಂಡೇ ಬಾಳೆ ಸಾಲಿನೊಳಗೆ ಹೋದ.

ಅಂದು ಸಂಜೆ ತಿ. ನರಸೀಪುರದ ನಮ್ಮ ಬೀದಿಯಲ್ಲಿ ಎಲ್ಲ ವಾಹನಗಳ ಮೂತಿಯಲ್ಲೂ ಹಾರವಿತ್ತು. ನಮ್ಮ ಕಾರಿನದನ್ನು ಮಾತ್ರ ನಾನು ಬಿಚ್ಚಿ ಹಿಂಬದಿಗೆ ಕಟ್ಟಿದೆ.