ಹೊಳೆಯಾಚೆಯ ಅಮ್ಮಮ್ಮ

ನಾವುಂದದ ಅಕ್ಕಣಿ ಶೆಡ್ತಿ ಅಂಗಳದಲ್ಲಿ ಒಣಹಾಕಿದ ಭತ್ತ ನೋಡಲು ಇಳಿದರೂ ಮದುವೆಮನೆಗೆ ಹೊರಟವಳ ಹಾಗೆ ಇಳಿಯುತ್ತಿದ್ದಳು. ಗಂಜಿ ಹಾಕಿ, ಮಡಚಿ, ಹಾಸಿಗೆಯಡಿ ಇಟ್ಟು ಗೆರೆ ಬರಿಸಿದ ಸೀರೆ. ಒಂದು ಕೂದಲೂ ಆಚೀಚೆಯಾಗದ ತುರುಬು. ಅರವತ್ತು ದಾಟಿದ ಮೇಲೂ ಕಣ್ಣಿಗೆ ಕಾಡಿಗೆ. ಗಂಡ ತೀರಿಕೊಂಡ ಮೇಲೆ ಹೂವು ಬಿಟ್ಟಿದ್ದಳು, ಕಾಡಿಗೆ ಬಿಡಲಿಲ್ಲ. ನೆಂಟರ ಹೆಂಗಸೊಬ್ಬಳು ಅದನ್ನು ಎತ್ತಿ ಆಡಿದಾಗ, "ಹೋದ್ದ್ ಗಂಡ ಮಾರಾಯ್ತಿ, ನನ್ ಕಣ್ಣಲ್ಲ" ಎಂದು ಬಾಯಿ ಮುಚ್ಚಿಸಿದ್ದಳು.

ತಾಯಿಯಿಲ್ಲದ ಮೊಮ್ಮಗಳು ಗಿರಿಜಾ ಈ ಅಮ್ಮಮ್ಮನ ಸೆರಗು ಹಿಡಿದೇ ಬೆಳೆದವಳು. ಯುದ್ಧದ ಕಾಲದಲ್ಲಿ ಬಟ್ಟೆಗೆ ಕಂಟ್ರೋಲ್ ಬಂತು. ಸೋದರಮಾವ ಚಂದಯ್ಯ ಕುಂದಾಪುರದಲ್ಲಿ ಅರ್ಧ ದಿನ ಸಾಲಿನಲ್ಲಿ ನಿಂತು ಒಂದು ಒರಟು ಸೀರೆ ತಂದಾಗ, ಅಮ್ಮಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

"ಇದ್ ಸೀರಿಯಾ, ದೋಣಿ ಹಾಯಿಯಾ? ಉಟ್ಕಂಡ್ ಕಡ್ಲ್ ಬದಿಗ್ ಹೋರೆ ಗಾಳಿಗ್ ಬೊಂಬಾಯಿಗೇ ಮುಟ್ತೆ ನಾನ್."

ಹಾಗೆಂದವಳೇ ತನ್ನ ಹಳೆಯ ನುಣುಪಿನ ಸೀರೆಯನ್ನು ಗಿರಿಜಾಳಿಗೆ ಕೊಟ್ಟು, ಆ ಹಾಯಿಯನ್ನು ತಾನುಟ್ಟಳು. ಉಟ್ಟ ಮೇಲೆ ಅದೂ ರೇಷ್ಮೆಯ ಹಾಗೆಯೇ ಕಂಡಿತು.

ಬ್ರಹ್ಮಾವರದವರು ಹೆಣ್ಣು ನೋಡಲು ಬಂದಾಗ ಗಂಡಿನ ಕಡೆಯ ಹಿರಿಯ ಮಂಜಯ್ಯನವರು, "ಹೆಣ್ ಚೂರ್ ಕಪ್ಪ್ ಅಲ್ದಾ?" ಎಂದು ರಾಗ ಎಳೆದರು. ಬಾಗಿಲ ಹಿಂದೆ ನಿಂತ ಗಿರಿಜಾಳಿಗೆ ಅದು ಕೇಳಿಸಿತು. ಅಮ್ಮಮ್ಮ ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದಳು:

"ಹೌದ್, ಕಪ್ಪೇ. ಅಡ್ಡಿಲ್ಲ, ನಿಮ್ ಮಾಣಿ ಮಂಡೆ ಹೊಳಿತಿತ್ತಲೆ, ಮನಿಗ್ ಬೆಳ್ಕ್ ಸಾಕ್."

ಮೂವತ್ತಕ್ಕೇ ನೆತ್ತಿ ಬೋಳಾಗಿದ್ದ ಗಂಡು ಭೋಜರಾಜ ಎಲ್ಲರಿಗಿಂತ ಮೊದಲು ನಕ್ಕ. ಆ ನಗು ಕೇಳಿಯೇ ಗಿರಿಜಾ ಮನಸ್ಸಿನಲ್ಲಿ ಒಪ್ಪಿಕೊಂಡಳು.

ಮದುವೆ ನಲವತ್ತಾರರ ವೈಶಾಖದಲ್ಲಾಯಿತು. ಹೊರಡುವಾಗ ಗಿರಿಜಾ ಬಿಕ್ಕಿದರೆ ಅಮ್ಮಮ್ಮ ನೆರಿಗೆ ಸರಿಮಾಡುತ್ತ, "ಮರ್ಕ್‌ಬೇಡ ಹೆಣೆ. ಆಸಾಡಿಗ್ ಹ್ಯಾಂಗೂ ಬತ್ತೆ ಅಲ್ದಾ" ಎಂದಳು. ಮದುವೆಯಾದ ಮೊದಲ ಆಸಾಡಿ ತಿಂಗಳಿಗೆ ಹೆಣ್ಣು ತವರಿಗೆ ಬರುವುದು ವಾಡಿಕೆ.

ಆದರೆ ಆ ಆಸಾಡಿಯಲ್ಲಿ ಅತ್ತೆಗೆ ಜ್ವರ, ಗದ್ದೆಯಲ್ಲಿ ನಾಟಿ. ಅಮ್ಮಮ್ಮ ಎರಡು ಸಲ ಹೇಳಿಕಳಿಸಿದಳು. ಎರಡು ಸಲವೂ ಗಿರಿಜಾ, "ಇನ್ನೊಂದ್ ವಾರ" ಎಂದಳು. ಅತ್ತೆಯ ಜ್ವರ ಬಿಟ್ಟ ಮೇಲೂ ಒಂದು ವಾರ ಎಂದಳು. ಭೋಜರಾಜನನ್ನು ಬಿಟ್ಟಿರಲು ಮನಸ್ಸಿರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಮೂರನೆಯ ಸಲ ಬಂದವನು ಅಮ್ಮಮ್ಮನ ಒಕ್ಕಲಿನವ ಕುಷ್ಟ. ತಲೆಗಿಟ್ಟ ಅಡಿಕೆಹಾಳೆಯ ಮುಟ್ಟಾಳೆಯಿಂದ ನೀರು ಸುರಿಯುತ್ತಿತ್ತು. "ಅಮ್ಮ ಮಲ್ಕಂಡಿರ್. ನಿಮ್ಮನ್ ಒಂದ್ಸಲ ಕಾಣ್ಕ್ ಅಂದ್ರ್."

ಗಂಡ ಹೆಂಡತಿ ಆಗಲೇ ಹೊರಟು ಕುಂದಾಪುರ ಮುಟ್ಟಿದರು. ಅಲ್ಲಿ ಹೊಳೆ ದಡ ಮೀರಿತ್ತು, ಕಡವಿನ ದೋಣಿಗಳನ್ನು ಮೇಲೆಳೆದು ಕಟ್ಟಿದ್ದರು.

"ಹ್ವಾಯ್, ಒಂದ್ ದೋಣಿ ಬಿಡಿ! ನಮ್ಮ್ ಅಮ್ಮಮ್ಮ ಇರ್ತಿಲ್ಲೆ" ಎಂದು ಗಿರಿಜಾ ಕೂಗಿದಳು.

"ನೀರ್ ಕಾಣಿ ಅಮ್ಮ. ನಿಮ್ಮನ್ ಹೊಳಿಗ್ ಕೊಟ್ರೆ ಅವ್ರಿಗೆ ಎಂತ ಹೇಳುದ್ ನಾನ್?" ಎಂದ ದೋಣಿಯವ.

ಎರಡು ದಿನ ಅವಳು ದಡ ಬಿಟ್ಟು ಕದಲಲಿಲ್ಲ. ಮೂರನೆಯ ಬೆಳಿಗ್ಗೆ ದಾಟಿ, ಮುಂದೆ ಕೆಸರಲ್ಲಿ ನಡೆದು ನಾವುಂದ ಸೇರುವಾಗ ಗದ್ದೆಯಂಚಿನಲ್ಲಿ ಬೂದಿ ಮಾತ್ರ ಇತ್ತು. ಮಳೆ ಅದನ್ನೂ ಅರ್ಧ ತೊಳೆದಿತ್ತು.

ಕೊನೆತನಕ ಜೊತೆಗಿದ್ದ ಕೆಲಸದ ಪದ್ದು ಎಲ್ಲವನ್ನೂ ಹೇಳಿದಳು. ನಾಡಿ ನೋಡಲು ಬಂದ ಪಂಡಿತರು ಬಹಳ ಹೊತ್ತು ಕೈ ಬಿಡದಿದ್ದಾಗ, "ಸಾಕ್ ಪಂಡಿತ್ರೆ, ನಂಗ್ ಇನ್ನೊಂದ್ ಮದುವಿ ಬ್ಯಾಡ" ಎಂದಳಂತೆ ಅಮ್ಮಮ್ಮ. ಗಿರಿಜಾ ನಕ್ಕಳು. ನಗುತ್ತ ನಗುತ್ತಲೇ ಅತ್ತು ಪದ್ದುವಿನ ಮಡಿಲಿಗೆ ಬಿದ್ದಳು.

"ಕುಷ್ಟ ನಿಮ್ಮಲ್ಲಿಗ್ ಹೊರಟ್ ಮೇಲೆ ತಲಿ ಬಾಚ್ಸ್‌ಕಂಡ್ರ್, ಸೀರಿ ಉಡ್ಸ್‌ಕಂಡ್ರ್," ಎಂದಳು ಪದ್ದು. "ಹೆಣ್ ಬಪ್ಪೊತ್ತಿಗೆ ಹೀಂಗ್ ಬಿದ್ಕಂಡ್ ಇಪ್ಪುಕ್ ಆತ್ತಾ ಅಂದ್ರ್. ದಾರಿ ಕಾಂಬಂಗೆ ಜಗಲಿಯಲ್ಲ್ ಒರಗಿ ಕೂಕಂಡ್ರ್. ಮಾರನೆ ದಿನವೂ ಹಾಂಗೇ."

"ಎಂತ ಹೇಳ್ರ್?"

"ಹೊಳಿಯಲ್ಲ್ ನೀರ್ ಬಂದಿರ್ಕ್, ಇಲ್ದಿರೆ ನಮ್ ಹೆಣ್ ನಿಲ್ಲುದಲ್ಲ ಅಂದ್ರ್."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮೊದಲೆರಡು ಸಲ ತನ್ನನ್ನು ತಡೆದದ್ದು ಹೊಳೆಯಲ್ಲ ಎಂಬುದು ಗಿರಿಜಾಳಿಗೆ ಗೊತ್ತಿತ್ತು.

ಉತ್ತರಕ್ರಿಯೆಯ ಬೊಜ್ಜದ ಊಟದ ದಿನ ಪಂಕ್ತಿಯುದ್ದಕ್ಕೂ ಅಕ್ಕಣಿ ಶೆಡ್ತಿಯ ಮಾತುಗಳೇ. ಒಬ್ಬೊಬ್ಬರೂ ತಾವು ಬೈಸಿಕೊಂಡದ್ದನ್ನು ಹೆಮ್ಮೆಯಿಂದ ಹೇಳಿ ನಕ್ಕರು. ಗಿರಿಜಾ ಎಲೆಯ ಮುಂದೆ ಕೂತು ಒಂದು ತುತ್ತನ್ನೂ ಎತ್ತಲಾರದೆ ಎದ್ದಳು.

ಮರುವರ್ಷ ಆಸಾಡಿಗೆ ಯಾರೂ ಕರೆಯಲಿಲ್ಲ. ಅವಳೇ ಹೊರಟಳು, ಭೋಜರಾಜ ಬೇಡವೆನ್ನಲಿಲ್ಲ. ತೊಯ್ದು ಬಂದ ಸೋದರಸೊಸೆಯನ್ನು ಕಂಡು ಚಂದಯ್ಯ ಗಾಬರಿಯಾದ.

"ಎಂತಕ್ ಬಂದದ್ದ್ ಮಗಾ, ಈ ಮಳೆಯಲ್ಲ್?"

ಗಿರಿಜಾ ಕಾಲು ತೊಳೆದು ಜಗಲಿ ಹತ್ತಿದಳು.

"ಹೋದ್ ವರ್ಷ ಬಪ್ಪುಕ್ ಇದ್ದಿತ್ತ್ ಮಾವ," ಎಂದಳು.