ನನ್ನ ಜರ್ಮನ್‌ಗೆ ದಂಡಿಗನಹಳ್ಳಿಯ ಸಾಕ್ಷಿ

ಗೆಳೆಯರೇ, ಸರ್ಟಿಫಿಕೇಟ್ ಸಿಕ್ಕಿಬಿಟ್ಟಿತು! ಜರ್ಮನಿಯಲ್ಲಿ ಎಂಜಿನಿಯರಿಂಗ್ ಓದಲು ವಿದ್ಯಾರ್ಥಿವೇತನ ಬೇಕಾದರೆ, ನನಗೆ ಜರ್ಮನ್ ಬರುತ್ತದೆಂದು ಅಧಿಕಾರಿಯೊಬ್ಬರು ಬರೆದುಕೊಡಬೇಕಿತ್ತು. ಅರ್ಜಿ ಇವತ್ತಿನ ಟಪಾಲಿಗೇ ಹೋಗಬೇಕಿತ್ತು. ನಾನೋ ಪುಸ್ತಕ ನೋಡಿ ಕಲಿತವನು. ಚನ್ನರಾಯಪಟ್ಟಣದ ಅಮಲ್ದಾರರಿಗೆ ಜರ್ಮನ್ ಬಾರದು. ಜಮೀನಿನ ತಕರಾರಿಗೆ ಕೇಳುವ ಹಾಗೆ, "ಊರಿನವರ ಸಾಕ್ಷಿ ಕರ್ಕೊಂಡು ಬನ್ನಿ" ಅಂದರು.

ಸಂತೆಗೆ ಬಂದಿದ್ದ ನಮ್ಮ ದಂಡಿಗನಹಳ್ಳಿಯ ಪಟೇಲರನ್ನೇ ಎಳೆದುಕೊಂಡು ಹೋದೆ.

"ಬತ್ತದೆ ಸಾ. ದಿನಾ ಬೆಳಗ್ಗೆ ಜಗುಲಿ ಮ್ಯಾಲೆ ಕುಂತ್ಕಂಡು ಗಟ್ಟಿಯಾಗಿ ಓದ್ತಾನೆ" ಅಂದರು ಪಟೇಲರು.

"ಸರಿಯಾಗಿ ಓದ್ತಾನೆ ಅಂತ ನಿಮಗೆ ಹೇಗ್ರೀ ಗೊತ್ತು?"

"ಇಂಗ್ಲೀಸ್ ಓದಿದ್ರೆ ನಮ್ಮ ಮೇಷ್ಟ್ರು ಸಾಲ್ಗೊಂದು ತಪ್ಪು ಕಂಡಿಡೀತಾರೆ ಸಾ. ಜರ್ಮನ್‌ನಾಗೆ ಇದುವರ್ಗೂ ಯಾರೂ ಒಂದ್ ತಪ್ಪೂ ಕಂಡಿಡಿದಿಲ್ಲ ಕಣ್ ಸಾ!"

ಅಮಲ್ದಾರರು ಲೇಖನಿ ಎತ್ತಿಕೊಂಡರು. 'ಗ್ರಾಮಸ್ಥರ ಹೇಳಿಕೆಯಂತೆ ಅರ್ಜಿದಾರರ ಜರ್ಮನ್ ನಿರ್ದೋಷವಾಗಿದೆ' ಎಂದು ಬರೆದು ಮೊಹರು ಒತ್ತಿಯೇಬಿಟ್ಟರು!

ಟಪಾಲು ಹೋಯಿತು. ಇನ್ನು ಬರ್ಲಿನ್‌ನಲ್ಲಿಳಿದು ಬಾಯಿ ಬಿಡುವವರೆಗೂ ನನ್ನ ಜರ್ಮನ್‌ಗೆ ಎದುರಿಲ್ಲ.