ಕೈ ನಡುಗಿದ್ದಕ್ಕೆ ಡಾಕ್ಟ್ರಮ್ಮ ಹೇಳಿದ ಕಾರಣ

ನಾನು ಶಾಲೆ ಬಿಟ್ಟದ್ದು ೧೯೮೬ರಲ್ಲಿ, ಏಳನೆಯ ತರಗತಿಯಿಂದ. ಅದು ಗೊತ್ತಿದ್ದೂ ಕಡಬದ ನಮ್ಮ ಡಾಕ್ಟ್ರಮ್ಮ ಕಾಯಿಲೆಯ ವಿಷಯವನ್ನು ನನಗೆ ಪೂರ್ತಿಯಾಗಿಯೇ ಹೇಳುತ್ತಿದ್ದರು. ಪೆನ್ನಿನ ಹಿಂಬದಿಯಿಂದ ತಮ್ಮದೇ ತಲೆ, ಕುತ್ತಿಗೆ, ಹೊಟ್ಟೆ ಮುಟ್ಟಿ ತೋರಿಸುವರು. "ಗೊತ್ತಾಯ್ತಾ? ಇಲ್ಲದಿದ್ರೆ ಪುನಃ ಹೇಳ್ತೇನೆ" ಎನ್ನುವರು. ಹೊರಗೆ ಎಷ್ಟು ಜನ ಕಾದಿದ್ದರೂ ಪುನಃ ಹೇಳುವರು.

ಸಕ್ಕರೆ ಕಾಯಿಲೆಗೆ ಮಾತ್ರೆ ಶುರುಮಾಡಿದ ಮೇಲೆ, ರಬ್ಬರ್ ಟ್ಯಾಪಿಂಗ್ ಮಾಡುವಾಗ, ಅಂದರೆ ಮರದ ತೊಗಟೆ ಕೊಯ್ದು ಹಾಲು ಇಳಿಸುವಾಗ, ನನಗೆ ಬೆವರು ಬಂದು ಕೈ ನಡುಗತೊಡಗಿತು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಮರಗಳನ್ನು ಬೇರೆಯವರಿಗೆ ವಹಿಸುವುದೆಂದೇ ನಿರ್ಧರಿಸಿದ್ದೆ. ಬೆರಳಿಗೆ ಕತ್ತಿ ತಾಗಿದ ಗಾಯ ನೋಡಿ ಡಾಕ್ಟ್ರಮ್ಮ ನನ್ನ ಬಾಯಿ ಬಿಡಿಸಿದರು.

"ಮಾತ್ರೆ ಯಾವಾಗ ತಗೊಳ್ಳುದು?"

"ನೀವು ಹೇಳಿದ ಹಾಗೆ, ತಿಂಡಿಗೆ ಮೊದಲು. ಬೆಳಿಗ್ಗೆ ಐದಕ್ಕೆ."

"ತಿಂಡಿ?"

"ಟ್ಯಾಪಿಂಗ್ ಮುಗಿಸಿ, ಹತ್ತಕ್ಕೆ."

"ಎಂತ ಮಾರಾಯ್ರೆ ನೀವು!" ಹಣೆ ಬಡಿದುಕೊಂಡರು.

"ಧೈರ್ಯ ಹೋಯಿತು ಅಂತ ಎಣಿಸಿದೆ ಡಾಕ್ಟ್ರೆ."

ಪೆನ್ನು ತಲೆಯಿಂದ ಹೊಟ್ಟೆಗೆ ಇಳಿಯಿತು. "ಮಾತ್ರೆ ನುಂಗಿ ಐದು ಗಂಟೆ ಏನೂ ತಿನ್ನದಿದ್ರೆ ರಕ್ತದ ಸಕ್ಕರೆ ತೀರಾ ಇಳೀತದೆ. ಇಳಿದ್ರೆ ಮಿದುಳಿಗೆ ಗೊತ್ತಾಗ್ತದೆ. ಅದು ನರಗಳ ಮೂಲಕ ಮೇದೋಜೀರಕ ಗ್ರಂಥಿಗೆ ಹೇಳಿ ಕಳಿಸ್ತದೆ. ಅಲ್ಲಿಯ ಜೀವಕೋಶಗಳು ಸಕ್ಕರೆ ಏರಿಸುವ ಹಾರ್ಮೋನು ಬಿಡ್ತವೆ. ಅಂಥದೇ ನರಗಳು ಬೆವರಿಸುದು, ಕೈ ನಡುಗಿಸುದು. ಹೆದರಿಕೆ ಅಲ್ಲ ಅದು, ಮೈ ನಿಮ್ಮನ್ನು ಕಾಯುದು. ಗೊತ್ತಾಯ್ತಾ?"

ಗೊತ್ತಾಗಿತ್ತು. ಆದರೂ ಇನ್ನೊಮ್ಮೆ ಹೇಳಿಸಿದೆ.

ಡಾಕ್ಟ್ರಮ್ಮ ಈಗ ಬೇರೆ ಊರಿನಲ್ಲಿದ್ದಾರೆ. ನಾನು ಮಾತ್ರೆ ನುಂಗಿ, ಕೂಡಲೇ ತಿಂಡಿ ತಿಂದು ತೋಟಕ್ಕೆ ಇಳಿಯುತ್ತೇನೆ. ಈಗ ನನಗೆ ಮುನ್ನೂರ ಹತ್ತು ರಬ್ಬರ್ ಮರಗಳಿವೆ, ಟ್ಯಾಪಿಂಗ್ ಮಾಡಲು ಎರಡು ಕೈಗಳಿವೆ.